ಅಲ್ಯೂಮಿನಿಯಂ ಎಂಜಿನ್ ಭಾಗಗಳಿಗೆ ಬೋಲ್ಟಿನ ಆಯ್ಕೆ: ಹೊಳಪು ನೋಡಿ ಕೊಂಡರೆ ನಷ್ಟ

ಲೆಕ್ಕಪರಿಶೋಧಕನಿಗೆ ಬೋಲ್ಟು-ನಟ್ಟುಗಳ ಗೊಡವೆ ಏಕೆಂದು ಓದುಗ ಮಿತ್ರರು ಕೇಳಬಹುದು. ಕೆಲವು ವರ್ಷಗಳ ಹಿಂದಿನವರೆಗೆ ನನ್ನ ಅಭಿಪ್ರಾಯವೂ ಅದೇ ಆಗಿತ್ತು. ನಮ್ಮ ಕಕ್ಷಿದಾರರೊಬ್ಬರ ಸಣ್ಣ ಘಟಕದ ವಾರ್ಷಿಕ ಲೆಕ್ಕ ನೋಡುತ್ತಿದ್ದಾಗ 'ವಾರಂಟಿ ಬದಲಿ ವೆಚ್ಚ' ಎಂಬ ಶೀರ್ಷಿಕೆಯಡಿ ಹಿಂದಿನ ವರ್ಷಕ್ಕಿಂತ ಹಲವು ಪಟ್ಟು ಹೆಚ್ಚಿನ ಮೊತ್ತ ಕಂಡುಬಂದಿತು. ಘಟಕದಲ್ಲಿ ತಯಾರಾಗುತ್ತಿದ್ದುದು ಡೀಸೆಲ್ ಎಂಜಿನ್ನುಗಳ ನೀರಿನ ಪಂಪಿನ ಅಲ್ಯೂಮಿನಿಯಂ ಹೊದಿಕೆ. ಅದನ್ನು ಬೋಲ್ಟುಗಳ ಸಮೇತ ಪೂರೈಸಲಾಗುತ್ತಿತ್ತು. ಖರೀದಿದಾರರಲ್ಲಿ ಹೆಚ್ಚಿನವರು ಕರಾವಳಿಯ ಮೀನುಗಾರಿಕಾ ದೋಣಿಗಳ ಎಂಜಿನ್ ದುರಸ್ತಿ ಮಾಡುವವರು.

ಮಾಲೀಕರು ನನ್ನನ್ನು ಗೋದಾಮಿಗೆ ಕರೆದೊಯ್ದು, ಹಿಂದಿರುಗಿ ಬಂದಿದ್ದ ಹೊದಿಕೆಗಳ ರಾಶಿಯನ್ನು ತೋರಿಸಿದರು. ಬೋಲ್ಟು ಕೂರುವ ರಂಧ್ರಗಳ ಸುತ್ತ ಸುಣ್ಣದಂತಹ ಬಿಳಿಯ ಪುಡಿ ಕಟ್ಟಿತ್ತು. ಕೆಲವು ಬೋಲ್ಟುಗಳು ಬಿಚ್ಚಲು ಬಾರದೆ ಕತ್ತರಿಸಿಹೋಗಿದ್ದವು. ಆದರೆ ತುಂಡಾದ ಬೋಲ್ಟಿನ ಮೇಲೆ ಒಂದು ಚುಕ್ಕೆ ತುಕ್ಕಿರಲಿಲ್ಲ, ಅದು ಹೊಸದರಂತೆಯೇ ಹೊಳೆಯುತ್ತಿತ್ತು. ಸವೆದು ಪುಡಿಯಾಗಿದ್ದುದು ಅದನ್ನು ಹಿಡಿದಿದ್ದ ಅಲ್ಯೂಮಿನಿಯಂ.

ಹಿಂದಿನ ವರ್ಷ ಗ್ರಾಹಕರು "ಬೋಲ್ಟಿನ ತಲೆಗೆ ತುಕ್ಕು ಹಿಡಿಯುತ್ತದೆ" ಎಂದು ದೂರಿದ್ದರಿಂದ, ಖರೀದಿ ವಿಭಾಗದವರು ಸತುವಿನ ಲೇಪನದ ಉಕ್ಕಿನ ಬೋಲ್ಟುಗಳನ್ನು ಬಿಟ್ಟು, ಹೆಚ್ಚು ಬೆಲೆ ಕೊಟ್ಟು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳನ್ನು ತರಿಸಿದ್ದರು. ಯಾರಲ್ಲಿಯೂ ದುರುದ್ದೇಶವಿರಲಿಲ್ಲ, ಜಿಪುಣತನವೂ ಇರಲಿಲ್ಲ. ದುಬಾರಿಯಾದುದು ಉತ್ತಮವೆಂಬ ನಂಬಿಕೆಯೊಂದೇ ನಷ್ಟಕ್ಕೆ ಕಾರಣವಾಗಿತ್ತು. ಒಂದು ದೋಣಿಯಂತೂ ಪಂಪು ಸೋರಿ, ಎಂಜಿನ್ ಕಾದು, ಸಮುದ್ರದಲ್ಲಿಯೇ ನಿಂತುಹೋಗಿ, ಇನ್ನೊಂದು ದೋಣಿಯ ಸಹಾಯದಿಂದ ದಡ ಸೇರಿತ್ತು. ಈ ಸಂಗತಿ ತಿಳಿದ ಬಳಿಕ, ಬೋಲ್ಟು ಕೇವಲ 'ಇತರೆ ಸಾಮಗ್ರಿ'ಯಲ್ಲ ಎಂಬುದು ನನಗೆ ಮನವರಿಕೆಯಾಯಿತು. ಅಂದಿನಿಂದ ಇಂಜಿನಿಯರ್ ಮಿತ್ರರಿಂದಲೂ ಕೈಪಿಡಿಗಳಿಂದಲೂ ತಿಳಿದುಕೊಂಡ ವಿಷಯಗಳನ್ನು ವರ್ತಕರಿಗೂ ಸಣ್ಣ ತಯಾರಕರಿಗೂ ಉಪಯೋಗವಾಗುವಂತೆ ಇಲ್ಲಿ ಕ್ರೋಡೀಕರಿಸಿದ್ದೇನೆ.

ಎರಡು ಲೋಹ, ಒಂದಿಷ್ಟು ತೇವ

ಎರಡು ಭಿನ್ನ ಲೋಹಗಳು ಪರಸ್ಪರ ತಾಗಿಕೊಂಡಿದ್ದು, ಅವೆರಡನ್ನೂ ಉಪ್ಪಿನಂಶವುಳ್ಳ ತೇವ ಆವರಿಸಿದರೆ ಅಲ್ಲಿ ಒಂದು ಪುಟ್ಟ ಬ್ಯಾಟರಿ ನಿರ್ಮಾಣವಾಗುತ್ತದೆ. ಎರಡರಲ್ಲಿ ಹೆಚ್ಚು ಕ್ರಿಯಾಶೀಲವಾದ ಲೋಹ ಆನೋಡ್ ಆಗಿ ಕರಗುತ್ತದೆ. ಇನ್ನೊಂದು ಕ್ಯಾಥೋಡ್ ಆಗಿ ಸುರಕ್ಷಿತವಾಗಿ ಉಳಿಯುತ್ತದೆ. ಇದನ್ನೇ ಗ್ಯಾಲ್ವಾನಿಕ್ ಸಂಕ್ಷಾರಣ ಎನ್ನುತ್ತಾರೆ. ಇಟಲಿಯ ಬೊಲೋನ್ಯಾದ ಲುಯಿಜಿ ಗ್ಯಾಲ್ವಾನಿ ಕಪ್ಪೆಯ ಕಾಲಿನ ಮೇಲೆ ನಡೆಸಿದ ಪ್ರಯೋಗಗಳನ್ನು 1791ರಲ್ಲಿ ಪ್ರಕಟಿಸಿದರು. ಆ ವಿದ್ಯುತ್ತಿಗೆ ಮೂಲ ಎರಡು ಭಿನ್ನ ಲೋಹಗಳ ಸಂಪರ್ಕವೆಂದು ವಾದಿಸಿದ ಅಲೆಸ್ಸಾಂಡ್ರೋ ವೋಲ್ಟಾ 1800ರಲ್ಲಿ ಮೊದಲ ಬ್ಯಾಟರಿಯನ್ನು ಲೋಕಕ್ಕೆ ಪರಿಚಯಿಸಿದರು.

ಆದರೆ ನಷ್ಟದ ಅನುಭವ ವಿಜ್ಞಾನಕ್ಕಿಂತ ಮೊದಲೇ ಆಗಿತ್ತು. ಬ್ರಿಟಿಷ್ ನೌಕಾಪಡೆಯು 1761ರಲ್ಲಿ 'ಅಲಾರ್ಮ್' ಎಂಬ ಹಡಗಿನ ತಳಕ್ಕೆ ಮರ ಕೊರೆಯುವ ಹುಳುಗಳಿಂದ ರಕ್ಷಣೆಗಾಗಿ ತಾಮ್ರದ ತಗಡು ಹೊದಿಸಿತು. 1763ರಲ್ಲಿ ಪರೀಕ್ಷಿಸಿದಾಗ ತಗಡುಗಳನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿ, ಹಲವು ತಗಡುಗಳು ಕಳಚಿದ್ದವು. ಆದರೆ ತಗಡಿಗೆ ಸುತ್ತಿಬಂದಿದ್ದ ಕಂದು ಕಾಗದವು ಆಕಸ್ಮಿಕವಾಗಿ ಮೊಳೆಗೂ ತಾಮ್ರಕ್ಕೂ ನಡುವೆ ಉಳಿದುಕೊಂಡಿದ್ದ ಕಡೆಗಳಲ್ಲಿ ಮೊಳೆಗಳು ಗಟ್ಟಿಯಾಗಿದ್ದವು. ಲೋಹಗಳನ್ನು ಪರಸ್ಪರ ತಾಗದಂತೆ ಬೇರ್ಪಡಿಸಿದರೆ ಕೊರೆತ ನಿಲ್ಲುತ್ತದೆಂಬ ಪಾಠ ಅಲ್ಲಿಯೇ ಇತ್ತು. ಮುಂದೆ 1824ರಲ್ಲಿ ಹಂಫ್ರಿ ಡೇವಿಯವರು ಹಡಗಿನ ತಾಮ್ರದ ರಕ್ಷಣೆಗಾಗಿ ಸತು ಮತ್ತು ಕಬ್ಬಿಣದ ತುಂಡುಗಳನ್ನು ಜೋಡಿಸುವ ವಿಧಾನವನ್ನು ವಿವರಿಸಿದರು. ಒಂದು ಲೋಹವನ್ನು ಉಳಿಸಲು ಇನ್ನೊಂದನ್ನು ಬಲಿಕೊಡುವ ಈ ತತ್ತ್ವವೇ ಇಂದಿನ ಸತು ಲೇಪನದ ಬೋಲ್ಟಿಗೂ ಆಧಾರವಾಗಿದೆ.

ನೆನಪಿಡಬೇಕಾದುದು ಇಷ್ಟೇ: ಭಿನ್ನ ಲೋಹ, ಲೋಹಗಳ ನೇರ ಸಂಪರ್ಕ, ತೇವ ಈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ಈ ರೋಗ. ಯಾವುದಾದರೂ ಒಂದನ್ನು ತಪ್ಪಿಸಿದರೂ ಸಾಕು. ಸದಾ ಎಣ್ಣೆಯಲ್ಲಿ ಮುಳುಗಿರುವ ಎಂಜಿನ್ನಿನ ಒಳಭಾಗದ ಬೋಲ್ಟುಗಳಿಗೆ ಈ ತೊಂದರೆ ಅಪರೂಪ. ನೀರಿನ ಪಂಪು, ಥರ್ಮೋಸ್ಟಾಟ್ ಹೊದಿಕೆ, ಹೊರಗಿನ ಬ್ರಾಕೆಟ್ಟುಗಳು ಹಾಗೂ ರಸ್ತೆಯ ಕೆಸರು ಸಿಡಿಯುವ ಭಾಗಗಳಲ್ಲಿ ಅದು ಸಾಮಾನ್ಯ.

ಲೋಹಗಳ ಸಾಲು

ಸಮುದ್ರದ ನೀರಿನಲ್ಲಿ ಒಂದೇ ಮಾನಕ ವಿದ್ಯುದ್ವಾರಕ್ಕೆ ಹೋಲಿಸಿ ಅಳೆದಾಗ ಲೋಹಗಳು ಒಂದು ಸಾಲಿನಲ್ಲಿ ನಿಲ್ಲುತ್ತವೆ. ಸ್ಥೂಲವಾಗಿ ಹೇಳುವುದಾದರೆ ಮೆಗ್ನೀಸಿಯಂ ಮೈನಸ್ 1.6 ವೋಲ್ಟ್, ಸತು ಮೈನಸ್ 1.0, ಅಲ್ಯೂಮಿನಿಯಂ ಮಿಶ್ರಲೋಹಗಳು ಮೈನಸ್ 0.75ರಿಂದ 1.0, ಕ್ಯಾಡ್ಮಿಯಂ ಮೈನಸ್ 0.7, ಸಾಧಾರಣ ಉಕ್ಕು ಮೈನಸ್ 0.6ರಿಂದ 0.7, ತಾಮ್ರ ಮತ್ತು ಹಿತ್ತಾಳೆ ಮೈನಸ್ 0.3ರಿಂದ 0.4, ಸ್ಟೇನ್‌ಲೆಸ್ ಸ್ಟೀಲ್ ಮೈನಸ್ 0.1ರಿಂದ ಸೊನ್ನೆ, ಟೈಟಾನಿಯಂ ಸೊನ್ನೆಯ ಆಸುಪಾಸು, ಗ್ರಾಫೈಟ್ ಪ್ಲಸ್ 0.2ಕ್ಕೂ ಮೇಲೆ. ಸಾಲಿನ ಮೊದಲಿರುವ ಲೋಹ ಕರಗುತ್ತದೆ, ಕೊನೆಯಲ್ಲಿರುವುದು ಉಳಿಯುತ್ತದೆ.

ವಿನ್ಯಾಸಕಾರರಲ್ಲಿ ಬಳಕೆಯಲ್ಲಿರುವ ಸಾಮಾನ್ಯ ನಿಯಮವೊಂದಿದೆ. ಜೊತೆಯಾಗುವ ಎರಡು ಲೋಹಗಳ ನಡುವಿನ ಅಂತರ ಕಡಲ ತೀರದಂತಹ ಕಠಿಣ ಪರಿಸರದಲ್ಲಿ 0.15 ವೋಲ್ಟ್, ಸಾಧಾರಣ ಪರಿಸರದಲ್ಲಿ 0.25 ವೋಲ್ಟ್, ತೇವ ನಿಯಂತ್ರಿಸಿದ ಒಳಾಂಗಣದಲ್ಲಿ 0.50 ವೋಲ್ಟ್ ಮೀರದಿರುವುದು ಲೇಸು. ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲಿನ ಅಂತರ 0.7 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಎಂಬುದನ್ನು ನೋಡಿದರೆ ನಮ್ಮ ಕಕ್ಷಿದಾರರ ಹೊದಿಕೆಗಳಿಗೆ ಏನಾಯಿತೆಂಬುದು ಅರ್ಥವಾಗುತ್ತದೆ.

ಆದರೆ ಈ ಅಂಕಿ ಕೊರೆತದ ದಿಕ್ಕನ್ನು ಹೇಳುತ್ತದೆಯೇ ಹೊರತು ವೇಗವನ್ನಲ್ಲ. ಸಾಲಿನಲ್ಲಿ ಸ್ಟೇನ್‌ಲೆಸ್ ಸ್ಟೀಲಿಗಿಂತ ಅಲ್ಯೂಮಿನಿಯಮ್ಮಿಗೆ ತಾಮ್ರವೇ ಹತ್ತಿರ. ಆದರೂ ವಾಸ್ತವದಲ್ಲಿ ತಾಮ್ರವೇ ಹೆಚ್ಚು ಅಪಾಯಕಾರಿ. ಸ್ಟೇನ್‌ಲೆಸ್ ಸ್ಟೀಲಿನ ಮೇಲ್ಮೈಯ ಆಕ್ಸೈಡ್ ಪದರ ವಿದ್ಯುತ್ತಿನ ಹರಿವನ್ನು ಕೊಂಚ ತಡೆಯುತ್ತದೆ. ತಾಮ್ರಕ್ಕೆ ಅಂತಹ ತಡೆಯಿಲ್ಲ. ಮೇಲಾಗಿ ನೀರಿನಲ್ಲಿ ಕರಗಿದ ತಾಮ್ರದ ಅಂಶ ಅಲ್ಯೂಮಿನಿಯಂ ಮೇಲೆ ಕುಳಿತು ಅಲ್ಲಲ್ಲಿ ಹೊಸ ಕೊರೆತವನ್ನು ಆರಂಭಿಸುತ್ತದೆ. ಆದ್ದರಿಂದ ನೀರು ತಾಗುವ ಅಲ್ಯೂಮಿನಿಯಂ ಭಾಗಕ್ಕೆ ಹಿತ್ತಾಳೆಯ ಬೋಲ್ಟನ್ನಾಗಲಿ ತಾಮ್ರದ ವಾಷರನ್ನಾಗಲಿ ಬಳಸುವುದು ಸರ್ವಥಾ ಸಲ್ಲದು.

ಗಾತ್ರದ ಲೆಕ್ಕ

ಕೊರೆತದ ತೀವ್ರತೆಯನ್ನು ನಿರ್ಧರಿಸುವ ಇನ್ನೊಂದು ಅಂಶ ಎರಡು ಲೋಹಗಳ ಮೇಲ್ಮೈ ವಿಸ್ತೀರ್ಣ. ಕರಗುವ ಲೋಹ ದೊಡ್ಡದಾಗಿದ್ದು ಉಳಿಯುವ ಲೋಹ ಚಿಕ್ಕದಾಗಿದ್ದರೆ ನಷ್ಟ ದೊಡ್ಡ ಮೇಲ್ಮೈಯಲ್ಲಿ ಹಂಚಿಹೋಗುತ್ತದೆ. ಇದಕ್ಕೆ ವಿರುದ್ಧವಾಗಿ ದೊಡ್ಡ ಸ್ಟೇನ್‌ಲೆಸ್ ತಗಡಿಗೆ ಅಲ್ಯೂಮಿನಿಯಂ ರಿವೆಟ್ ಹಾಕಿದರೆ ರಿವೆಟ್ ಬಹುಬೇಗ ಮಾಯವಾಗುತ್ತದೆ. ದೊಡ್ಡ ಅಲ್ಯೂಮಿನಿಯಂ ಎರಕಕ್ಕೆ ಸಣ್ಣ ಉಕ್ಕಿನ ಬೋಲ್ಟು ಹಾಕುವ ರೂಢಿ ಇಷ್ಟು ವ್ಯಾಪಕವಾಗಿ ನಡೆದುಬಂದಿರುವುದು ಈ ನಿಯಮದ ಬಲದಿಂದಲೇ.

ಹಾಗಿದ್ದರೆ ನಮ್ಮ ಹೊದಿಕೆಗಳು ಹಾಳಾದುದೇಕೆ? ಇಡೀ ಎರಕ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಷ್ಟ ಎಲ್ಲೆಡೆಗೆ ಹಂಚಿಹೋಗುತ್ತದೆ. ಬೋಲ್ಟಿನ ತಲೆಯ ಕೆಳಗೆ ಹಾಗೂ ಥ್ರೆಡ್ಡಿನ ಸಂದಿಯಲ್ಲಿ ತೆಳುವಾದ ಉಪ್ಪುನೀರಿನ ಪೊರೆ ಮಾತ್ರ ಇದ್ದಾಗ, ಕೊರೆತವೆಲ್ಲವೂ ಬೋಲ್ಟಿಗೆ ಅಂಟಿಕೊಂಡಿರುವ ಕೆಲವೇ ಮಿಲಿಮೀಟರ್ ಜಾಗದಲ್ಲಿ ಕೇಂದ್ರೀಕೃತವಾಗುತ್ತದೆ. ಅಲ್ಲಿ ಹುಟ್ಟುವ ಬಿಳಿಯ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಬೋಲ್ಟು ಬಿಗಿದುಕೊಂಡು ತಿರುಗದಂತಾಗುತ್ತದೆ. ಬಲವಂತವಾಗಿ ತಿರುಗಿಸಿದರೆ ಕತ್ತರಿಸುತ್ತದೆ.

ಎರಕದ ಮಿಶ್ರಲೋಹವೂ ಮುಖ್ಯ. ಡೈಕಾಸ್ಟಿಂಗಿನಲ್ಲಿ ಸಾಮಾನ್ಯವಾಗಿ ಬಳಸುವ ಎಲ್‌ಎಂ 24ರಲ್ಲಿ ಶೇಕಡಾ 3ರಿಂದ 4ರಷ್ಟು ತಾಮ್ರವಿರುತ್ತದೆ. ಅದರಿಂದ ಎರಕ ಸುಲಭ, ಬಲವೂ ಉತ್ತಮ, ಆದರೆ ಉಪ್ಪುನೀರನ್ನು ತಡೆಯುವ ಶಕ್ತಿ ಕಡಿಮೆ. ತಾಮ್ರದ ಅಂಶ ಬಹಳ ಕಡಿಮೆಯಿರುವ ಎಲ್‌ಎಂ 6 ಈ ದೃಷ್ಟಿಯಿಂದ ಮೇಲು. ಕರಾವಳಿಯ ಬಳಕೆಗೆ ಹೋಗುವ ಭಾಗಗಳಿಗೆ ಬೋಲ್ಟಿನ ಜೊತೆಗೆ ಇದನ್ನೂ ವಿಚಾರಿಸುವುದು ಒಳ್ಳೆಯದು.

ಯಾವ ಬೋಲ್ಟು, ಎಲ್ಲಿಗೆ?

ಲೇಪನವಿಲ್ಲದ ಉಕ್ಕು ಒಣ ಅಥವಾ ಎಣ್ಣೆಯ ವಾತಾವರಣಕ್ಕೆ ಮಾತ್ರ ಯೋಗ್ಯ. ತೇವ ತಾಗುವೆಡೆ ತಾನೂ ತುಕ್ಕು ಹಿಡಿದು ಅಲ್ಯೂಮಿನಿಯಮ್ಮನ್ನೂ ಕೆಡಿಸುತ್ತದೆ.

ಎಲೆಕ್ಟ್ರೋಪ್ಲೇಟಿಂಗ್ ಮೂಲಕ ಸತು ಲೇಪಿಸಿದ ಉಕ್ಕು ಅಗ್ಗವಾದುದು, ಎಲ್ಲೆಡೆಯೂ ದೊರೆಯುವಂತಹುದು. ಸತು ಮತ್ತು ಅಲ್ಯೂಮಿನಿಯಂ ಸಾಲಿನಲ್ಲಿ ನೆರೆಹೊರೆಯವು. ಆದ್ದರಿಂದ ಲೇಪನ ಇರುವವರೆಗೆ ಎರಕ ಸುರಕ್ಷಿತ. ಆದರೆ ಲೇಪನದ ದಪ್ಪ ಸಾಮಾನ್ಯವಾಗಿ 5ರಿಂದ 8 ಮೈಕ್ರಾನ್ ಮಾತ್ರ. ಅದರ ಮೇಲಿನ ಹಳದಿ ಕ್ರೋಮೇಟ್ ಪದರ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಣಗಿ ಬಿರಿದು ರಕ್ಷಣಾ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಎಂಜಿನ್ನಿನ ಬಳಿ ಇಷ್ಟು ಶಾಖ ನಿತ್ಯದ ಮಾತು. ರಫ್ತುದಾರರು ಇನ್ನೊಂದನ್ನೂ ಗಮನಿಸಬೇಕು: ಯುರೋಪಿಯನ್ ಒಕ್ಕೂಟದ 2000ದ ವಾಹನ ನಿರ್ದೇಶನದ ಪ್ರಕಾರ ವಾಹನಗಳ ತುಕ್ಕುನಿರೋಧಕ ಲೇಪನಗಳಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಬಳಕೆಗೆ 2007ರ ಜುಲೈ 1ರಿಂದ ಅವಕಾಶವಿಲ್ಲ. ಟ್ರೈವೇಲೆಂಟ್ ಪ್ಯಾಸಿವೇಶನ್ ಎಂದು ಆದೇಶದಲ್ಲಿಯೇ ನಮೂದಿಸಬೇಕು.

ಸತುವಿನ ಹಾಗೂ ಅಲ್ಯೂಮಿನಿಯಮ್ಮಿನ ಸೂಕ್ಷ್ಮ ಹಾಳೆಗಳುಳ್ಳ 'ಜಿಂಕ್ ಫ್ಲೇಕ್' ಲೇಪನ ಇಂದು ವಾಹನೋದ್ಯಮದಲ್ಲಿ ಬಹುವಾಗಿ ಬಳಕೆಯಲ್ಲಿದೆ. ಜಿಯೋಮೆಟ್ ಮುಂತಾದ ವ್ಯಾಪಾರನಾಮಗಳಲ್ಲಿ ಇದು ದೊರೆಯುತ್ತದೆ. ದ್ರವದಲ್ಲಿ ಅದ್ದಿ, ಹೆಚ್ಚುವರಿಯನ್ನು ತಿರುಗಿಸಿ ತೆಗೆದು, ಒಲೆಯಲ್ಲಿ ಬೇಯಿಸಿ ಗಟ್ಟಿಗೊಳಿಸುವ ಲೇಪನವಿದು. ಉಕ್ಕಿನ ಪೂರ್ಣ ಬಲ ಉಳಿಯುತ್ತದೆ, ಹೊರಮೈ ಅಲ್ಯೂಮಿನಿಯಮ್ಮಿಗೆ ಹತ್ತಿರದ್ದಾಗಿರುತ್ತದೆ, ಶಾಖವನ್ನೂ ತಾಳಿಕೊಳ್ಳುತ್ತದೆ. ನೀರು ತಾಗುವ ಅಲ್ಯೂಮಿನಿಯಂ ಎಂಜಿನ್ ಭಾಗಗಳಿಗೆ 8.8 ಅಥವಾ 10.9 ದರ್ಜೆಯ ಜಿಂಕ್ ಫ್ಲೇಕ್ ಬೋಲ್ಟು ಬಹುತೇಕ ಸಂದರ್ಭಗಳಲ್ಲಿ ಸರಿಯಾದ ಆಯ್ಕೆ. ಇದಕ್ಕೆ ಇನ್ನೊಂದು ಅನುಕೂಲವೂ ಇದೆ. ಪ್ಲೇಟಿಂಗ್ ತೊಟ್ಟಿಯಲ್ಲಿ ಉಕ್ಕಿನೊಳಗೆ ಸೇರುವ ಹೈಡ್ರೋಜನ್ 12.9ರಂತಹ ಅತಿ ಗಡಸು ಬೋಲ್ಟನ್ನು ಮುನ್ಸೂಚನೆಯಿಲ್ಲದೆ ತುಂಡಾಗಿಸಬಲ್ಲುದು. ವಿದ್ಯುತ್ತಾಗಲಿ ಆಮ್ಲದ ತೊಳೆತವಾಗಲಿ ಇಲ್ಲದ ಜಿಂಕ್ ಫ್ಲೇಕ್ ವಿಧಾನದಲ್ಲಿ ಆ ಭಯವಿಲ್ಲ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಎ2 ಎಂದರೆ 304ರ ವರ್ಗ, ಎ4 ಎಂದರೆ 316ರ ವರ್ಗ. ಎ4 ಉಪ್ಪುನೀರಿನಲ್ಲಿ ತಾನು ಚೆನ್ನಾಗಿ ಉಳಿಯುತ್ತದೆ, ಆದರೆ ಅಲ್ಯೂಮಿನಿಯಮ್ಮನ್ನು ಉಳಿಸುವುದಿಲ್ಲ. ಅಲಂಕಾರಕ್ಕಾಗಿಯೋ ಆಗಾಗ ಬಿಚ್ಚಬೇಕಾದ ಅಗತ್ಯಕ್ಕಾಗಿಯೋ ಬಳಸಲೇಬೇಕಾದರೆ, ತಲೆಯ ಕೆಳಗೂ ಥ್ರೆಡ್ಡಿಗೂ ಸೀಲಂಟ್ ಹಚ್ಚಿ ನೀರು ನುಗ್ಗದಂತೆ ನೋಡಿಕೊಳ್ಳಬೇಕು.

ಕ್ಯಾಡ್ಮಿಯಂ ಲೇಪನವು ಅಲ್ಯೂಮಿನಿಯಮ್ಮಿಗೆ ಅತ್ಯಂತ ಹೊಂದುವಂತಹುದಾಗಿದ್ದು ವಿಮಾನೋದ್ಯಮದಲ್ಲಿ ದೀರ್ಘಕಾಲ ಬಳಕೆಯಾಗಿದೆ. ಆದರೆ ಅದು ವಿಷಕಾರಿ. ಸಾಮಾನ್ಯ ವಾಹನ ಭಾಗಗಳ ತಯಾರಕರು ಅದರತ್ತ ನೋಡದಿರುವುದೇ ಒಳಿತು.

ಅಲ್ಯೂಮಿನಿಯಂ ಬೋಲ್ಟಿಗೂ ಒಂದು ಸ್ಥಾನವಿದೆ. ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ 2004ರಲ್ಲಿ ಪರಿಚಯಿಸಿದ ಎನ್52 ಎಂಜಿನ್ನಿನಲ್ಲಿ ಅಲ್ಯೂಮಿನಿಯಂ ಒಳತಿರುಳಿನ ಸುತ್ತ ಮೆಗ್ನೀಸಿಯಂ ಎರಕ ಹೊಯ್ದ ಕ್ರ್ಯಾಂಕ್‌ಕೇಸ್ ಇತ್ತು. ಮೆಗ್ನೀಸಿಯಮ್ಮಿಗೂ ಉಕ್ಕಿಗೂ ಇರುವ ಅಂತರ ಬಹಳ ದೊಡ್ಡದಾದ್ದರಿಂದ ಅದಕ್ಕೆ ಅಲ್ಯೂಮಿನಿಯಂ ಬೋಲ್ಟುಗಳನ್ನೇ ಬಳಸಿದರು. ಅವನ್ನು ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ, ಪ್ರತಿಸಲ ಹೊಸದನ್ನೇ ಹಾಕಿ, ನಿಗದಿತ ಟಾರ್ಕ್ ಹಾಗೂ ನಿಗದಿತ ಕೋನದ ಪ್ರಕಾರ ಬಿಗಿಯಬೇಕು. ಇಂತಹ ಎಂಜಿನ್ನಿಗೆ "ಗಟ್ಟಿಯಾಗಿರಲಿ" ಎಂದು ಉಕ್ಕಿನ ಬೋಲ್ಟು ಮಾರುವ ಬಿಡಿಭಾಗಗಳ ವ್ಯಾಪಾರಿ ಗ್ರಾಹಕನಿಗೆ ಉಪಕಾರ ಮಾಡಿದಂತಾಗುವುದಿಲ್ಲ.

ಬಲ ಮತ್ತು ಬಿಗಿತ

ಬೋಲ್ಟಿನ ಲೋಹ ಬದಲಾಯಿಸುವಾಗ ತುಕ್ಕೊಂದನ್ನೇ ನೋಡಿದರೆ ಸಾಲದು. 8.8 ದರ್ಜೆಯ ಉಕ್ಕು ಮಣಿಯಲಾರಂಭಿಸುವುದು ಪ್ರತಿ ಚದರ ಮಿಲಿಮೀಟರಿಗೆ ಸುಮಾರು 640 ನ್ಯೂಟನ್ ಒತ್ತಡದಲ್ಲಿ, ಎ2-70 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಮಣಿಯುವುದು 450ರಲ್ಲಿ. ಅಂದರೆ ಸುಮಾರು ಶೇಕಡಾ 30ರಷ್ಟು ಕಡಿಮೆ. ಹೊಳೆಯುವುದೆಲ್ಲ ಗಟ್ಟಿಯಲ್ಲ.

ಲೆಕ್ಕ ಹಾಕಿ ನೋಡೋಣ. ಬಿಗಿಯುವ ಟಾರ್ಕ್ ಎಂದರೆ ಘರ್ಷಣೆಯ ಗುಣಾಂಕ, ಬೋಲ್ಟಿನ ವ್ಯಾಸ ಮತ್ತು ಬೋಲ್ಟಿನಲ್ಲಿ ಹುಟ್ಟುವ ಬಲ, ಈ ಮೂರರ ಗುಣಲಬ್ಧ. ಎಂ8 ಬೋಲ್ಟಿಗೆ 25 ನ್ಯೂಟನ್-ಮೀಟರ್ ಟಾರ್ಕ್ ಕೊಟ್ಟಾಗ, ಒಣ ಥ್ರೆಡ್ಡಿನ ಗುಣಾಂಕ 0.20 ಎಂದಾದರೆ ಹುಟ್ಟುವ ಬಲ ಸುಮಾರು 15,600 ನ್ಯೂಟನ್. ಕೊರೆತ ತಪ್ಪಿಸಲೆಂದು ಗ್ರೀಸು ಹಚ್ಚಿದರೆ ಗುಣಾಂಕ 0.15ಕ್ಕೆ ಇಳಿಯಬಹುದು. ಆಗ ಅದೇ ಟಾರ್ಕಿನಲ್ಲಿ ಬಲ ಸುಮಾರು 20,800 ನ್ಯೂಟನ್ನಿಗೆ ಏರುತ್ತದೆ. 8.8 ದರ್ಜೆಯ ಎಂ8 ಬೋಲ್ಟಿನ ಪ್ರೂಫ್ ಲೋಡ್ 21,200 ನ್ಯೂಟನ್. ಅದು ಹೇಗೋ ತಾಳಿಕೊಳ್ಳುತ್ತದೆ. ಎ2-70 ಬೋಲ್ಟು ಮಾತ್ರ ಸುಮಾರು 16,500ರಲ್ಲಿಯೇ ಮಣಿದು ಹಿಗ್ಗುತ್ತದೆ. ನಮ್ಮ ಕಕ್ಷಿದಾರರ ಫಿಟ್ಟರುಗಳು ಗ್ರೀಸನ್ನೂ ಹಚ್ಚಿದ್ದರು, ಹಳೆಯ ಟಾರ್ಕನ್ನೂ ಬಿಟ್ಟಿರಲಿಲ್ಲ. ಎರಡು ಒಳ್ಳೆಯ ಉದ್ದೇಶಗಳು ಸೇರಿ ಒಂದು ತಪ್ಪಾಯಿತು. ಆದ್ದರಿಂದ ಲೇಪನ, ಗ್ರೀಸು, ಬೋಲ್ಟಿನ ದರ್ಜೆ ಇವುಗಳಲ್ಲಿ ಯಾವುದೊಂದು ಬದಲಾದರೂ ಟಾರ್ಕ್ ಅಂಕಿಯನ್ನು ಹೊಸದಾಗಿ ನಿಗದಿಪಡಿಸಬೇಕು.

ಶಾಖದ ವಿಷಯದಲ್ಲಿ ಸ್ಟೇನ್‌ಲೆಸ್ ಸ್ಟೀಲಿಗೆ ನ್ಯಾಯವಾಗಿ ಒಂದು ಅಂಕ ಕೊಡಬೇಕು. ಉಷ್ಣತೆ 100 ಡಿಗ್ರಿ ಏರಿದರೆ 50 ಮಿಲಿಮೀಟರ್ ಉದ್ದದ ಅಲ್ಯೂಮಿನಿಯಂ ಸುಮಾರು 0.115 ಮಿಲಿಮೀಟರ್, ಸಾಧಾರಣ ಉಕ್ಕು 0.058, ಎ2 ಸ್ಟೇನ್‌ಲೆಸ್ ಸ್ಟೀಲ್ 0.083 ಮಿಲಿಮೀಟರ್ ಹಿಗ್ಗುತ್ತವೆ. ಉಕ್ಕಿನ ಬೋಲ್ಟು ಬಿಸಿಯಾದಾಗ ಹೆಚ್ಚು ಎಳೆತಕ್ಕೆ ಒಳಗಾಗಿ ತಲೆಯ ಕೆಳಗಿನ ಮೃದುವಾದ ಅಲ್ಯೂಮಿನಿಯಂ ತಗ್ಗುತ್ತದೆ, ತಣ್ಣಗಾದಾಗ ಸಡಿಲವಾಗುತ್ತದೆ. ಅಗಲ ತಲೆಯ ಫ್ಲೇಂಜ್ ಬೋಲ್ಟು ಅಥವಾ ಲೇಪನವುಳ್ಳ ಗಡಸು ವಾಷರ್ ಹಾಕಿ ಒತ್ತಡವನ್ನು ಹರಡುವುದು ಇದಕ್ಕೆ ಪರಿಹಾರ. ಅಲ್ಯೂಮಿನಿಯಮ್ಮಿನೊಳಗೆ ಬೋಲ್ಟು ಇಳಿಯುವ ಆಳವೂ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಇರಬೇಕು.

ಕಾರ್ಖಾನೆಯಲ್ಲಿ ಮಾಡಬಹುದಾದ ಕೆಲಸ

ಕೊರೆತ ತಡೆಯಲು ಬಣ್ಣ ಬಳಿಯುವುದಾದರೆ ಅಲ್ಯೂಮಿನಿಯಮ್ಮಿಗೆ ಮಾತ್ರ ಬಳಿದು ಬೋಲ್ಟನ್ನು ಬರಿದಾಗಿ ಬಿಡುವುದು ತಪ್ಪು. ಆಗ ಬಣ್ಣದಲ್ಲಿನ ಒಂದು ಗೀರಿನ ಮೇಲೆಯೇ ಇಡೀ ಕೊರೆತ ಬಂದು ಕೂರುತ್ತದೆ. ಎರಡಕ್ಕೂ ಬಳಿಯಬೇಕು, ಒಂದಕ್ಕೆ ಮಾತ್ರ ಸಾಧ್ಯವೆಂದಾದರೆ ಬೋಲ್ಟಿಗೆ ಬಳಿಯಬೇಕು.

ನೈಲಾನ್ ವಾಷರ್ ಹಾಗೂ ತೋಳುಗಳು ಲೋಹಗಳನ್ನು ಬೇರ್ಪಡಿಸುತ್ತವೆ ನಿಜ. ಆದರೆ ಹೆಚ್ಚು ಬಿಗಿತ ಹೊರುವ ಎಂಜಿನ್ ಬೋಲ್ಟಿನಡಿ ಅವು ಶಾಖಕ್ಕೆ ಮೆತ್ತಗಾಗಿ ಜೋಡಣೆ ಸಡಿಲಗೊಳ್ಳುತ್ತದೆ. ನಾಮಫಲಕ, ಸಣ್ಣ ಮುಚ್ಚಳಗಳಂತಹ ಹಗುರ ಭಾಗಗಳಿಗೆ ಮಾತ್ರ ಅವು ಸರಿ. ಮೆಗ್ನೀಸಿಯಂ ಭಾಗಕ್ಕೆ ಉಕ್ಕಿನ ಬೋಲ್ಟು ಹಾಕಬೇಕಾದಾಗ ನಡುವೆ ಅಲ್ಯೂಮಿನಿಯಂ ವಾಷರ್ ಇಡುವುದು ರೂಢಿಯಲ್ಲಿರುವ ಉಪಾಯ.

ನೀರು ನಿಲ್ಲದಂತೆ ಎರಕದ ವಿನ್ಯಾಸ ಮಾಡುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ. ಬೋಲ್ಟಿನ ತಲೆ ಕೂರುವ ಗುಳಿಯಿಂದ ನೀರು ಹರಿದುಹೋಗಲು ಒಂದು ಸಣ್ಣ ಕಾಲುವೆ ಬಿಟ್ಟರೆ ಸಾಕು. ಬಳಕೆದಾರರಿಗೆ ಕೂಲಂಟ್ ಬಗ್ಗೆಯೂ ತಿಳಿಸಬೇಕು. ಕೂಲಂಟಿನಲ್ಲಿರುವ ತುಕ್ಕುನಿರೋಧಕ ಅಂಶಗಳು ಕಾಲಕ್ರಮೇಣ ಮುಗಿದುಹೋಗುತ್ತವೆ, ಗ್ಲೈಕಾಲ್ ಹಳೆಯದಾದಂತೆ ಆಮ್ಲವಾಗುತ್ತದೆ. ಕೂಲಂಟ್ ಬದಲು ಕೊಳವೆಬಾವಿಯ ಗಡಸು ನೀರು ತುಂಬಿದರೆ ಎಷ್ಟೇ ಉತ್ತಮ ಬೋಲ್ಟು ಹಾಕಿದರೂ ಪ್ರಯೋಜನವಿಲ್ಲ.

ಲೆಕ್ಕಪುಸ್ತಕದ ದೃಷ್ಟಿ

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಉದಾಹರಣೆಗೆ ಒಂದು ಹೊದಿಕೆಗೆ 6 ಬೋಲ್ಟು, ಸಾಧಾರಣ ಸತು ಲೇಪನಕ್ಕಿಂತ ಜಿಂಕ್ ಫ್ಲೇಕ್ ಬೋಲ್ಟಿಗೆ ತಲಾ 4 ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳೋಣ. ಒಂದು ಹೊದಿಕೆಗೆ 24 ರೂಪಾಯಿ, ಸಾವಿರಕ್ಕೆ 24,000 ರೂಪಾಯಿ. ಹಿಂದಿರುಗಿದ ಒಂದು ಹೊದಿಕೆಗೆ ಹೊಸ ಮಾಲು, ಸಾಗಣೆ ಹಾಗೂ ಫಿಟ್ಟರನ ಪ್ರಯಾಣ ಸೇರಿ 3,000 ರೂಪಾಯಿ ತಗುಲಿದರೆ, ಸಾವಿರದಲ್ಲಿ ಕೇವಲ 8 ಹಿಂದಿರುಗಿದರೂ ಉಳಿತಾಯವೆಲ್ಲ ಸೊನ್ನೆ. ಒಂಬತ್ತನೆಯದರಿಂದ ನಷ್ಟ ಆರಂಭ. ಪ್ರತಿಯೊಬ್ಬ ತಯಾರಕರೂ ತಮ್ಮದೇ ಅಂಕಿಗಳನ್ನು ಹಾಕಿ ಈ ಲೆಕ್ಕ ಮಾಡಿನೋಡಬೇಕು. ಕಳೆದುಕೊಂಡ ಗ್ರಾಹಕನ ಬೆಲೆ ಇದರಲ್ಲಿ ಸೇರಿಲ್ಲ.

ವಾರಂಟಿಗಾಗಿ ವರ್ಷಾಂತ್ಯದಲ್ಲಿ ಮೀಸಲಿಡುವ ಮೊತ್ತವನ್ನು ಆದಾಯ ತೆರಿಗೆಯಲ್ಲಿ ವೆಚ್ಚವಾಗಿ ಪಡೆಯಬಹುದೇ ಎಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಉತ್ತರಿಸಿದೆ. ಈಗಾಗಲೇ ನಡೆದ ಮಾರಾಟದಿಂದ ಬಾಧ್ಯತೆ ಹುಟ್ಟಿರಬೇಕು, ಹಣ ಹೊರಹೋಗುವ ಸಂಭವವಿರಬೇಕು, ಮೊತ್ತವನ್ನು ಹಿಂದಿನ ಅನುಭವದ ಆಧಾರದ ಮೇಲೆ ವಿಶ್ವಾಸಾರ್ಹವಾಗಿ ಅಂದಾಜಿಸಲು ಬರಬೇಕು. ಇಲ್ಲಿ ಬೋಲ್ಟಿನ ಬದಲಾವಣೆಗೆ ಮಹತ್ವವಿದೆ. ಸಾಮಗ್ರಿ ಬದಲಾದ ದಿನದಿಂದ ಹಿಂದಿನ ಅನುಭವ ಹಳೆಯದಾಗುತ್ತದೆ. ಯಾವ ಬ್ಯಾಚಿನಿಂದ ಯಾವ ಬೋಲ್ಟು ಎಂಬ ದಾಖಲೆ ಇಲ್ಲದಿದ್ದರೆ ಮೀಸಲಿನ ಅಂದಾಜಿಗೂ ಆಧಾರವಿಲ್ಲ, ದೋಷ ಪತ್ತೆಗೂ ದಾರಿಯಿಲ್ಲ.

ಜಿಎಸ್‌ಟಿಗೆ ಸಂಬಂಧಿಸಿದಂತೆ, ವಾರಂಟಿ ಅವಧಿಯಲ್ಲಿ ಗ್ರಾಹಕನಿಂದ ಪ್ರತ್ಯೇಕ ಹಣ ಪಡೆಯದೆ ಬಿಡಿಭಾಗ ಬದಲಾಯಿಸಿಕೊಟ್ಟರೆ ತಯಾರಕ ಮತ್ತೆ ತೆರಿಗೆ ಕಟ್ಟಬೇಕಿಲ್ಲ, ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಿಲ್ಲ ಎಂದು 2023ರ ಜುಲೈ 17ರ 195ನೇ ಸುತ್ತೋಲೆ ಸ್ಪಷ್ಟಪಡಿಸಿದೆ. ಆದರೂ ಬದಲಿ ಮಾಲಿನ ಚಲನ್, ಹಿಂದಿರುಗಿದ ಭಾಗದ ವಿವರ, ವಾರಂಟಿಯ ಷರತ್ತು ಇವು ಕಡತದಲ್ಲಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವು ಬಿಡಿಭಾಗ ತಯಾರಕರನ್ನೂ ಒಳಗೊಳ್ಳುತ್ತದೆ ಎಂಬುದನ್ನು ಮರೆಯಬಾರದು.

ಖರೀದಿ ಆದೇಶದಲ್ಲಿ ಏನಿರಬೇಕು?

"ಎಂ8 ಬೋಲ್ಟು, 25 ಮಿ.ಮೀ., ಉತ್ತಮ ಗುಣಮಟ್ಟ" ಎಂದು ಬರೆದರೆ ಅಂಗಡಿಯವರು ತಮ್ಮಲ್ಲಿ ಇರುವುದನ್ನು ಕೊಡುತ್ತಾರೆ. ಅವರನ್ನು ದೂರುವಂತಿಲ್ಲ. ಆದೇಶದಲ್ಲಿ ಈ ಅಂಶಗಳಿರಲಿ:

1. ಅಳತೆಯೊಂದಿಗೆ ದರ್ಜೆ: 8.8, 10.9 ಅಥವಾ ಎ2-70; ಐಎಸ್ 1367ರ ಸಂಬಂಧಿತ ಭಾಗದ ಉಲ್ಲೇಖ.

2. ಲೇಪನದ ಬಗೆ, ಕನಿಷ್ಠ ದಪ್ಪ ಹಾಗೂ ಹೆಕ್ಸಾವೇಲೆಂಟ್ ಕ್ರೋಮಿಯಂ ಇರಬಾರದೆಂಬ ಷರತ್ತು.

3. ಉಪ್ಪುನೀರಿನ ಸಿಂಪಡಣಾ ಪರೀಕ್ಷೆಯ ಗಂಟೆಗಳು. ಶೇಕಡಾ 5ರ ಉಪ್ಪಿನ ದ್ರಾವಣವನ್ನು 35 ಡಿಗ್ರಿಯಲ್ಲಿ ಸಿಂಪಡಿಸುವ ಈ ಪರೀಕ್ಷೆ ಒಂದು ಬ್ಯಾಚನ್ನು ಇನ್ನೊಂದಕ್ಕೆ ಹೋಲಿಸಲು ಉಪಯುಕ್ತ. ಇಷ್ಟು ಗಂಟೆ ಎಂದರೆ ಇಷ್ಟು ವರ್ಷ ಬಾಳಿಕೆ ಎಂದು ಅರ್ಥೈಸಬಾರದು.

4. ಘರ್ಷಣೆಯ ಗುಣಾಂಕದ ಮಿತಿ ಮತ್ತು ಬಳಸಬೇಕಾದ ಟಾರ್ಕ್.

5. ಪ್ರತಿ ಬ್ಯಾಚಿಗೂ ಪರೀಕ್ಷಾ ಪ್ರಮಾಣಪತ್ರ. ಪೂರ್ವಾನುಮತಿಯಿಲ್ಲದೆ ಸಾಮಗ್ರಿ ಬದಲಾಯಿಸಬಾರದೆಂಬ ಷರತ್ತು.

ಮಾಲು ಬಂದಾಗ ಬೋಲ್ಟಿನ ತಲೆಯನ್ನು ನೋಡಿ. ಎಂ5 ಮತ್ತು ಅದಕ್ಕಿಂತ ದೊಡ್ಡ ಷಡ್ಭುಜ ತಲೆಯ ಬೋಲ್ಟುಗಳ ಮೇಲೆ ದರ್ಜೆಯ ಗುರುತೂ ತಯಾರಕರ ಗುರುತೂ ಇರಬೇಕು. ಸ್ಟೇನ್‌ಲೆಸ್ ಸ್ಟೀಲನ್ನು ಅಯಸ್ಕಾಂತದಿಂದ ಪರೀಕ್ಷಿಸುವ ಹಳೆಯ ಅಭ್ಯಾಸ ನಂಬಲರ್ಹವಲ್ಲ. ತಣ್ಣಗೆ ಬಡಿದು ರೂಪಿಸಿದ ಎ2 ಬೋಲ್ಟು ಕೂಡ ಕೊಂಚ ಅಂಟಿಕೊಳ್ಳುತ್ತದೆ. ವರ್ತಕರು ಬೇರೆ ಬೇರೆ ದರ್ಜೆಯ ಉಳಿಕೆ ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯುವ ರೂಢಿಯನ್ನು ಬಿಟ್ಟರೆ ಅರ್ಧ ತೊಂದರೆ ಅಲ್ಲಿಯೇ ನಿವಾರಣೆಯಾಗುತ್ತದೆ.

ನಮ್ಮ ಕಕ್ಷಿದಾರರು ಕೊನೆಗೆ ಮಾಡಿದುದು ಇಷ್ಟೇ. ಜಿಂಕ್ ಫ್ಲೇಕ್ ಲೇಪನದ 8.8 ಫ್ಲೇಂಜ್ ಬೋಲ್ಟಿಗೆ ಬದಲಾದರು, ಟಾರ್ಕನ್ನು ಹೊಸದಾಗಿ ನಿಗದಿಪಡಿಸಿ ಗೋಡೆಯ ಮೇಲೆ ಬರೆಸಿದರು, ಎರಕದಲ್ಲಿ ನೀರು ಹರಿಯುವ ಕಾಲುವೆ ಬಿಡಿಸಿದರು. ಹಿಂದಿನ ಬ್ಯಾಚಿನಲ್ಲಿ ಇನ್ನೂ ಬಳಕೆಯಲ್ಲಿದ್ದ ಹೊದಿಕೆಗಳನ್ನು ದೂರು ಬರುವ ಮುನ್ನವೇ ತಾವಾಗಿ ಬದಲಾಯಿಸಿಕೊಟ್ಟರು. ಆ ವರ್ಷ ಲಾಭ ಕಡಿಮೆಯಾಯಿತು. "ದೋಣಿ ನಿಂತದ್ದು ದಡದ ಹತ್ತಿರ, ದೂರದಲ್ಲಿ ನಿಂತಿದ್ದರೆ?" ಎಂದು ಅವರು ಕೇಳಿದಾಗ ಆ ವೆಚ್ಚವನ್ನು ಕಡಿತಗೊಳಿಸುವ ಸಲಹೆ ಕೊಡಲು ನನಗೆ ಬಾಯಿ ಬರಲಿಲ್ಲ. ಅದರ ಮರುವರ್ಷ ಅದೇ ಶೀರ್ಷಿಕೆಯಡಿಯ ಮೊತ್ತ ಮೊದಲಿನ ಮಟ್ಟಕ್ಕೆ ಇಳಿದಿತ್ತು. ಉದ್ಯಮಿ ಮಿತ್ರರು ತಮ್ಮ ಲೆಕ್ಕಪುಸ್ತಕದಲ್ಲಿ ಆ ಶೀರ್ಷಿಕೆಯನ್ನು ಒಮ್ಮೆ ತೆರೆದು ನೋಡಲಿ, ಅದರ ಹಿಂದೆ ಯಾವ ಬೋಲ್ಟಿದೆ ಎಂದು ವಿಚಾರಿಸಲಿ ಎಂಬುದೇ ನನ್ನ ವಿನಂತಿ.